ಮತ್ತೆ ಬಂದ ಹರ್ನಿಯಾ, ಬಿಡದ ನೋವು

ಪ್ರಶ್ನೆ: ನನಗೆ 54 ವರ್ಷ. ಒಂಬತ್ತು ವರ್ಷಗಳ ಹಿಂದೆ ಬಲಗಡೆಯ ತೊಡೆಸಂದಿನ ಹರ್ನಿಯಾಕ್ಕೆ ಹೊಲಿಗೆ ಹಾಕಿ ಶಸ್ತ್ರಚಿಕಿತ್ಸೆ ಮಾಡಿದ್ದರು. ಅದೇ ಜಾಗದಲ್ಲಿ ಮತ್ತೆ ಉಬ್ಬು ಕಾಣಿಸಿಕೊಂಡಿದ್ದರಿಂದ ಎರಡು ವರ್ಷಗಳ ಹಿಂದೆ ಹಳೆಯ ಗಾಯವನ್ನೇ ತೆರೆದು, ದುರ್ಬಲ ಜಾಗಕ್ಕೆ ಆಧಾರವಾಗಿ ಜಾಲರಿ (ಮೆಶ್) ಅಳವಡಿಸಿದರು. ಆಗಿನಿಂದ ಆ ಜಾಗದಲ್ಲಿ ಉರಿ ತಪ್ಪಿಲ್ಲ. ಪ್ಯಾಂಟಿನ ಜೇಬಿನಲ್ಲಿರುವ ಬೀಗದ ಕೈ ತಾಗಿದರೂ ಕರೆಂಟು ಹೊಡೆದಂತಾಗುತ್ತದೆ. ಉಬ್ಬು ಕಣ್ಣಿಗೆ ಕಾಣುವುದಿಲ್ಲ. ಒಬ್ಬ ವೈದ್ಯರು ಸ್ಕ್ಯಾನ್ ನೋಡಿ, ಸಣ್ಣದಾಗಿ ಮರುಕಳಿಸಿರಬಹುದು, ಮೂರನೆಯ ಆಪರೇಷನ್ ಮಾಡೋಣ ಎಂದರು. ಇನ್ನೊಬ್ಬರು, ಎಲ್ಲ ಸರಿಯಾಗಿದೆ, ನೋವು ನಿಮ್ಮ ಮನಸ್ಸಿನದು ಎಂದರು. ಯಾರನ್ನು ನಂಬಲಿ?

ಉತ್ತರ: ಎರಡನೆಯವರ ಮಾತನ್ನು ಮೊದಲು ಬದಿಗಿಡಿ. ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳು ಕಳೆದ ಮೇಲೂ ಉಳಿಯುವ ನೋವನ್ನು ವೈದ್ಯಶಾಸ್ತ್ರ ದೀರ್ಘಕಾಲದ ನೋವೆಂದೇ ಗುರುತಿಸುತ್ತದೆ. ತೊಡೆಸಂದಿನ ಹರ್ನಿಯಾ ಕುರಿತು 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಶೇ 10ರಿಂದ 12ರಷ್ಟು ಮಂದಿಗೆ ಗಣನೀಯ ನೋವು ಉಳಿಯುತ್ತದೆ. ದಿನನಿತ್ಯದ ಕೆಲಸಕ್ಕೇ ಅಡ್ಡಿಯಾಗುವಷ್ಟು ನೋವು ಕಾಡುವವರ ಪ್ರಮಾಣ ಶೇ 0.5ರಿಂದ 6.

ಮೊದಲನೆಯ ವೈದ್ಯರ ಸಲಹೆಗೂ ಆತುರ ಬೇಡ. ಹರ್ನಿಯಾ ಮರುಕಳಿಸುವುದು ಒಂದು ಸಮಸ್ಯೆ, ನೋವು ಉಳಿಯುವುದು ಇನ್ನೊಂದು. ಎರಡೂ ಒಟ್ಟಿಗೇ ಇರಬಹುದಾದರೂ, ನೋವಿನ ಮೂಲ ಯಾವುದೆಂದು ತಿಳಿಯದೆ ಮೂರನೆಯ ಬಾರಿ ಕತ್ತರಿ ಹಾಕಿಸಿಕೊಂಡರೆ ಹರ್ನಿಯಾ ಹೋಗಿ ನೋವು ಹಾಗೆಯೇ ಉಳಿಯುವ, ಕೆಲವೊಮ್ಮೆ ಹೆಚ್ಚಾಗುವ ಸಾಧ್ಯತೆ ಇದೆ. ಮರುಕಳಿಸಿದ ಹರ್ನಿಯಾ ಸಾಮಾನ್ಯವಾಗಿ ಸಂಜೆಯ ಹೊತ್ತಿಗೆ ಭಾರ, ಎಳೆತ ಎನಿಸುತ್ತದೆ. ಕೆಮ್ಮಿದಾಗ ಉಬ್ಬಿ, ಮಲಗಿದಾಗ ಒಳಸರಿಯುತ್ತದೆ. ನೀವು ಹೇಳುವ ಉರಿ, ಮುಟ್ಟಿದರೆ ಕರೆಂಟು ಹೊಡೆದಂತಾಗುವುದು ಇವೆಲ್ಲ ನರದ ನೋವಿನ ಗುರುತುಗಳು. ಇಲಿಯೊಇಂಗ್ವೈನಲ್, ಇಲಿಯೊಹೈಪೊಗ್ಯಾಸ್ಟ್ರಿಕ್ ಮತ್ತು ಜೆನಿಟೊಫೆಮೊರಲ್ ನರದ ಒಂದು ಕವಲು, ಹೀಗೆ ಮೂರು ನರಗಳು ಶಸ್ತ್ರಚಿಕಿತ್ಸೆ ನಡೆಯುವ ಜಾಗದಲ್ಲೇ ಹಾದುಹೋಗುತ್ತವೆ. ಹಳೆಯ ಗಾಯದ ಗಟ್ಟಿ ಅಂಗಾಂಶದ ನಡುವೆ ಅವುಗಳನ್ನು ಗುರುತಿಸುವುದು ನುರಿತ ಕೈಗೂ ಸುಲಭವಲ್ಲ. ಹೊಲಿಗೆಯಲ್ಲೋ ಜಾಲರಿಯ ಸುತ್ತಲಿನ ಕಲೆಯಲ್ಲೋ ಒಂದು ನರ ಸಿಕ್ಕಿಕೊಂಡರೆ ಇಂಥ ನೋವು ಹುಟ್ಟುತ್ತದೆ.

ಮುಂದಿನ ಭೇಟಿಗೆ ಮುಂಚೆ ಒಂದು ಕೆಲಸ ಮಾಡಿ. ಕನ್ನಡಿಯ ಎದುರು ನಿಂತು, ಹತ್ತಿಯ ತುಣುಕಿನಿಂದ ಹೊಟ್ಟೆಯ ಕೆಳಭಾಗದಿಂದ ಒಳತೊಡೆಯವರೆಗೆ ಮೆಲ್ಲನೆ ಸವರುತ್ತಾ ಬನ್ನಿ. ಎಲ್ಲಿ ಉರಿಯುತ್ತದೆಯೋ ಅಲ್ಲಿ ಪೆನ್ನಿನಿಂದ ಚುಕ್ಕೆ, ಎಲ್ಲಿ ಜೋಮು ಹಿಡಿದಂತೆ ಮಂಕಾಗಿದೆಯೋ ಅಲ್ಲಿ ಸೊನ್ನೆ ಹಾಕಿ, ಒಂದು ಚಿತ್ರ ತೆಗೆದುಕೊಳ್ಳಿ. ಮಕ್ಕಳಾಟದಂತೆ ಕಂಡರೂ, ಚರ್ಮದ ಮೇಲಿನ ಈ ನಕ್ಷೆ ಯಾವ ನರಕ್ಕೆ ತೊಂದರೆಯಾಗಿದೆ ಎಂಬುದರ ಸುಳಿವು ಕೊಡುತ್ತದೆ. ಬರಿಯ ಸ್ಕ್ಯಾನ್ ಎಷ್ಟೋ ಸಲ ಅಷ್ಟನ್ನು ಹೇಳದು. ಹಿಂದಿನ ಎರಡೂ ಶಸ್ತ್ರಚಿಕಿತ್ಸೆಗಳ ವಿವರವಾದ ಟಿಪ್ಪಣಿಯನ್ನು ಕೇಳಿ ಪಡೆಯಿರಿ. ಯಾವ ಜಾಲರಿ, ಅದನ್ನು ಹೇಗೆ ಕೂರಿಸಿದರು, ನರಗಳನ್ನು ಗುರುತಿಸಿದ್ದರೇ ಎಂಬುದು ಅದರಲ್ಲಿರಬೇಕು. ಡಿಸ್ಚಾರ್ಜ್ ಚೀಟಿಯ ಎರಡು ಸಾಲು ಸಾಲದು. ಮರುಕಳಿಸಿದೆಯೇ ಎಂಬ ಅನುಮಾನಕ್ಕೆ, ನಿಲ್ಲಿಸಿ, ಕೆಮ್ಮಿಸಿ ಮಾಡುವ ಅಲ್ಟ್ರಾಸೌಂಡ್ ಉತ್ತರ ಕೊಡಬಹುದು. ಅದರಲ್ಲೂ ಸ್ಪಷ್ಟವಾಗದಿದ್ದರೆ ಎಂಆರ್‌ಐ ಮಾಡಿಸುತ್ತಾರೆ.

ನರದ ನೋವೆಂದು ಖಚಿತವಾದರೆ ಗ್ಯಾಬಾಪೆಂಟಿನ್ ಅಥವಾ ಅಮಿಟ್ರಿಪ್ಟಿಲಿನ್‌ನಂಥ ಔಷಧಿಯನ್ನು ಕಡಿಮೆ ಪ್ರಮಾಣದಲ್ಲಿ ಆರಂಭಿಸಿ ನಿಧಾನವಾಗಿ ಏರಿಸುತ್ತಾರೆ. ಫಲ ಕಾಣಲು ಕೆಲವು ವಾರಗಳು ಬೇಕು, ಆರಂಭದಲ್ಲಿ ತೂಕಡಿಕೆ ಇರುತ್ತದೆ. ನಾಲ್ಕೇ ದಿನಕ್ಕೆ ಕೈಬಿಟ್ಟು ಔಷಧಿ ಕೆಲಸ ಮಾಡಲಿಲ್ಲ ಎನ್ನುವವರೇ ಹೆಚ್ಚು. ಪ್ರಾಸ್ಟೇಟ್ ತೊಂದರೆಯಿದ್ದರೆ ಮೊದಲೇ ತಿಳಿಸಿ, ಏಕೆಂದರೆ ಅಮಿಟ್ರಿಪ್ಟಿಲಿನ್ ಮೂತ್ರವಿಸರ್ಜನೆಯನ್ನು ಇನ್ನಷ್ಟು ಕಷ್ಟವಾಗಿಸಬಲ್ಲದು. ನರದ ಸುತ್ತ ಅರಿವಳಿಕೆಯ ಚುಚ್ಚುಮದ್ದು ಕೊಡುವುದು ಚಿಕಿತ್ಸೆಯೂ ಹೌದು, ಪರೀಕ್ಷೆಯೂ ಹೌದು: ಅದರಿಂದ ನೋವು ಕೆಲವು ಗಂಟೆಗಳಾದರೂ ಪೂರ್ತಿ ಅಡಗಿದರೆ ಮೂಲ ಸಿಕ್ಕಂತೆಯೇ. ನರವನ್ನು ಕತ್ತರಿಸುವುದು, ಜಾಲರಿಯನ್ನು ತೆಗೆಯುವುದು ಕೊನೆಯ ಹಂತದ ದಾರಿಗಳು. ಇಂಥ ಪ್ರಕರಣಗಳನ್ನು ಆಗಾಗ ನಿಭಾಯಿಸುವವರಲ್ಲಿ ಮಾತ್ರ ಅವನ್ನು ಮಾಡಿಸಿಕೊಳ್ಳಬೇಕು. ನರ ಕತ್ತರಿಸಿದ ಮೇಲೆ ಆ ಭಾಗದ ಚರ್ಮ ಮರಗಟ್ಟಿಯೇ ಇರುತ್ತದೆ ಎಂಬುದೂ ಗೊತ್ತಿರಲಿ.

ಹರ್ನಿಯಾ ನಿಜಕ್ಕೂ ಮರುಕಳಿಸಿದ್ದರೆ ವೈದ್ಯರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಈ ಬಾರಿ ಯಾವ ಕಡೆಯಿಂದ? ನಿಮಗೆ ಎರಡು ಸಲವೂ ಮುಂಭಾಗದಿಂದ ತೆರೆದಿರುವುದರಿಂದ, ಮೂರನೆಯದನ್ನು ಲ್ಯಾಪರೊಸ್ಕೋಪಿಯಲ್ಲಿ (ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಇಳಿಸಿ) ಸ್ನಾಯುಪದರದ ಹಿಂಬದಿಯಿಂದ ಮಾಡುವುದು ಸಾಮಾನ್ಯ ನಿಯಮ. ಹಳೆಯ ಕಲೆಯನ್ನು ಮತ್ತೆ ಕೆದಕುವ ಅಗತ್ಯವಿರುವುದಿಲ್ಲ, ವೃಷಣದ ರಕ್ತನಾಳಗಳಿಗೂ ಅಪಾಯ ಕಡಿಮೆ. ಅದಕ್ಕೆ ಮುಂಚೆ ಹಳೆಯ ಕೆಮ್ಮು, ಧೂಮಪಾನ, ಮಲಬದ್ಧತೆಯ ತಿಣುಕಾಟ, ಮೂತ್ರಕ್ಕಾಗಿ ಮುಕ್ಕುವುದು ಇವುಗಳಲ್ಲಿ ಯಾವುದಿದ್ದರೂ ಸರಿಪಡಿಸಿಕೊಳ್ಳಿ. ಇಲ್ಲವಾದರೆ ಹೊಸ ಜಾಲರಿಯ ಮೇಲೂ ಅದೇ ಒತ್ತಡ ಬೀಳುತ್ತದೆ. ನಡೆದಾಡುವುದನ್ನಂತೂ ಬಿಡಬೇಡಿ. ನೋವಿಗೆ ಹೆದರಿ ಕುಳಿತೇ ಇದ್ದರೆ ಸ್ನಾಯುಗಳು ಸೊರಗಿ, ಸಣ್ಣ ಚಲನೆಗೂ ನೋವು ಏಳತೊಡಗುತ್ತದೆ.

ಪ್ರಶ್ನೆ: ನನ್ನ ತಂದೆಯವರಿಗೂ ಹರ್ನಿಯಾ ಎರಡನೆಯ ಬಾರಿ ಬಂದಿದೆ. ಮತ್ತೆ ಆಪರೇಷನ್ ಬೇಡ, ಬೆಲ್ಟ್ ಕಟ್ಟಿಕೊಳ್ಳುತ್ತೇನೆ ಎನ್ನುತ್ತಾರೆ. ಸಾಕೇ?

ಉತ್ತರ: ಬೆಲ್ಟ್ ಉಬ್ಬನ್ನು ಒತ್ತಿ ಹಿಡಿಯುತ್ತದೆ, ಅದು ಹೊರಬರುವ ಸ್ನಾಯುಪದರದ ರಂಧ್ರವನ್ನು ಮುಚ್ಚುವುದಿಲ್ಲ. ಆದರೆ ಉಬ್ಬು ಸಣ್ಣದಾಗಿದ್ದು, ಸುಲಭವಾಗಿ ಒಳಹೋಗುತ್ತಿದ್ದು, ತೊಂದರೆ ಕೊಡದಿದ್ದರೆ ವೈದ್ಯರ ನಿಗಾದಲ್ಲಿ ಕಾದು ನೋಡುವುದು ತಪ್ಪಲ್ಲ. ಒಳಗೆ ಹೋಗದ ಉಬ್ಬಿನ ಮೇಲೆ ಮಾತ್ರ ಬೆಲ್ಟ್ ಬಿಗಿಯಬಾರದು. ಉಬ್ಬು ಇದ್ದಕ್ಕಿದ್ದಂತೆ ಗಟ್ಟಿಯಾಗಿ, ಮುಟ್ಟಲಾಗದಷ್ಟು ನೋವಾಗಿ, ವಾಂತಿಯಾಗತೊಡಗಿದರೆ, ಅಥವಾ ಗಾಳಿ, ಮಲ ಎರಡೂ ನಿಂತುಹೋದರೆ ಕರುಳು ಸಿಕ್ಕಿಕೊಂಡಿರಬಹುದು; ಅದು ರಾತ್ರಿಯಾಗಿದ್ದರೂ ಬೆಳಗಿನವರೆಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.