ಎಷ್ಟು ದೊಡ್ಡ ತಪ್ಪಾದರೆ ಹಾಕಿ ಕ್ಲಬ್ ಕಾಂಟ್ರಾಕ್ಟ್ ರದ್ದು ಮಾಡಬಹುದು?

ಹೊರದೇಶದ ಕ್ಲಬ್ಬಲ್ಲಿ ಆಡೋ ನಿಮ್ಮ ತಮ್ಮ ಪಾರ್ಟಿಯಲ್ಲಿ ಗಲಾಟೆ ಮಾಡಿದ್ದಾನೆ, ಸೋಮವಾರ ಆಫೀಸಿಗೆ ಕರೆದಿದ್ದಾರೆ. ನಿಮ್ಮ ಪೋಸ್ಟ್ ಓದಿ ಹೊಟ್ಟೆ ಕಿವುಚಿತು. "ಎಷ್ಟು ದೊಡ್ಡ ತಪ್ಪು" ಅನ್ನೋ ಪ್ರಶ್ನೆ ಮೊದಲು ಬಿಡಿ.

ನಾನು ಕೊಡಗಿನವನು. ಇಪ್ಪತ್ಮೂರನೇ ವಯಸ್ಸಲ್ಲಿ ಯುರೋಪಿನ ಒಂದು ಸಣ್ಣ ಕ್ಲಬ್ಬಿಗೆ ಆಡಲು ಹೋಗಿದ್ದೆ. ಸ್ವಲ್ಪ ದುಡ್ಡು, ಒಂದು ರೂಮು, ಒಂದು ಹಳೇ ಸೈಕಲ್ಲು. ಏಪ್ರಿಲ್ ಬಂತು, ಊರಲ್ಲಿ ಕೊಡವ ಕೌಟುಂಬಿಕ ಹಾಕಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಹಬ್ಬ ಅದು, ನಮ್ಮ ಒಕ್ಕದ, ಅಂದ್ರೆ ಮನೆತನದ, ಟೀಮಿಗೆ ನಾನಿಲ್ಲ ಅಂದ್ರೆ ಅಜ್ಜ ಮಾತು ಬಿಡ್ತಿದ್ದರು. ಕೋಚ್ ಹತ್ರ "ಮನೇಲಿ ಕಾರ್ಯ ಇದೆ" ಅಂದೆ, ತಲೆಯಾಡಿಸಿದರು. ಬಂದು ಎರಡು ಮ್ಯಾಚ್ ಆಡಿದೆ, ಯಾರೋ ಫೋಟೋ ಹಾಕಿದರು. ವಾಪಸ್ ಹೋದರೆ, ಅನುಮತಿ ಇಲ್ಲದೆ ಬೇರೆ ತಂಡಕ್ಕೆ ಆಡಿದ್ದೀಯ, ಇದು ದುರ್ವರ್ತನೆ ಅಂದರು.

ಆದರೆ ನನ್ನನ್ನು ಮುಳುಗಿಸಿದ್ದು ಆ ಮ್ಯಾಚ್ ಅಲ್ಲ, ಸಹಿ. ಮ್ಯಾನೇಜರ್ ಕಾಫಿ ಕೊಟ್ಟು ಒಂದು ಹಾಳೆ ಮುಂದಿಟ್ಟರು: ಇಬ್ಬರ ಒಪ್ಪಿಗೆಯಿಂದ ಕಾಂಟ್ರಾಕ್ಟ್ ಮುಗಿಸಿದ್ದೇವೆ. ಸಹಿ ಹಾಕಿದರೆ ಊರಿಗೆ ಟಿಕೆಟ್. "ಇಬ್ಬರ ಒಪ್ಪಿಗೆ" ಅಂದ್ರೆ ಮರ್ಯಾದೆಯಾಗಿ ಕಳಿಸ್ತಿದ್ದಾರೆ ಅಂದುಕೊಂಡೆ ನೋಡಿ, ಅಷ್ಟು ಪೆದ್ದ. ಸಹಿ ಹಾಕದೇ ಇದ್ದಿದ್ದರೆ ಅವರೇ ಕಾರಣ ಬರೆದು ನೋಟಿಸ್ ಕೊಡಬೇಕಿತ್ತು, ಯಾವ ಷರತ್ತು ಮುರಿದೆ ಅಂತ ತೋರಿಸಬೇಕಿತ್ತು, ಕೋಚ್ ತಲೆಯಾಡಿಸಿದ್ದೂ ಆಗ ಲೆಕ್ಕಕ್ಕೆ ಬರ್ತಿತ್ತು. ಸಹಿ ಹಾಕಿದ್ದಕ್ಕೆ ಅವರು ತೆಗೆದುಹಾಕಿದವನಲ್ಲ, ನಾನೇ ಬಿಟ್ಟುಬಂದವನಾದೆ. ಆಮೇಲೆ ವಕೀಲರಿಗೆ ತೋರಿಸಿದರೆ ಸಹಿ ನೋಡಿ ಹಾಳೆ ವಾಪಸ್ ಕೊಟ್ಟರು. ಉಳಿದ ಮೂರು ತಿಂಗಳ ದುಡ್ಡೂ ಹೋಯ್ತು.

ನೀವು ಎನ್‌ಎಚ್‌ಎಲ್, ಅಂದ್ರೆ ಅಮೆರಿಕ-ಕೆನಡಾದ ಐಸ್ ಹಾಕಿ ಲೀಗಿನ, ಉದಾಹರಣೆ ಕೊಟ್ಟಿದ್ದೀರಿ. ಅಲ್ಲಿನ ಕಾಂಟ್ರಾಕ್ಟಲ್ಲಿ ಮೈದಾನದ ಹೊರಗೂ ನೆಟ್ಟಗಿರಬೇಕು ಅಂತಲೇ ಇದೆ, ಅದನ್ನು ಗಂಭೀರವಾಗಿ ಮುರಿದರೆ ತಂಡ ರದ್ದು ಮಾಡಬಹುದು. ಆದರೆ ಆಟಗಾರರ ಸಂಘ 60 ದಿನದೊಳಗೆ ತಕರಾರು ಹಾಕಬಹುದು. ಅಲ್ಲಿನ ಆಟಗಾರ ಮೈಕ್ ರಿಚರ್ಡ್ಸ್‌ಗೆ ಐದು ವರ್ಷದ 2.2 ಕೋಟಿ ಡಾಲರ್ ಬಾಕಿ ಇದ್ದಾಗ, 2015ರಲ್ಲಿ ಲಾಸ್ ಏಂಜಲೀಸ್ ಕಿಂಗ್ಸ್ ಕಾಂಟ್ರಾಕ್ಟ್ ಮುರಿಯಿತು. ಸಂಘ ಬಿಡಲಿಲ್ಲ. ಕೊನೆಗೆ ರಾಜಿಯಾಗಿ 1.05 ಕೋಟಿ, ಅದೂ 2031-32ರವರೆಗೆ ಕಂತಿನಲ್ಲಿ! ಇವಾಂಡರ್ ಕೇನ್‌ನನ್ನು ಸ್ಯಾನ್ ಹೋಸೆ ಶಾರ್ಕ್ಸ್ 2022ರ ಜನವರಿಯಲ್ಲಿ ಕೋವಿಡ್ ನಿಯಮ ಮುರಿದ ಅಂತ ತೆಗೆದಾಗಲೂ ರಾಜಿಯಲ್ಲಿ 25 ಲಕ್ಷ ಡಾಲರ್ ಬಂತು. 2023ರಲ್ಲಿ ಚಿಕಾಗೊ ಬ್ಲ್ಯಾಕ್‌ಹಾಕ್ಸ್ ತೆಗೆದುಹಾಕಿದ ಕೋರಿ ಪೆರ್ರಿ ತಕರಾರೇ ಹಾಕಲಿಲ್ಲ, ಕ್ಷಮೆ ಕೇಳಿ ಬೇರೆ ತಂಡ ಸೇರಿದ. ತಪ್ಪಿನ ಗಾತ್ರಕ್ಕೂ ಬಂದ ದುಡ್ಡಿಗೂ ಇಲ್ಲಿ ಲೆಕ್ಕ ಕೂಡಲ್ಲ, ತಕರಾರು ಬಿಡದೆ ಹಿಡಿದವರಿಗೆ ಸಿಕ್ಕಿತು.

ಹಾಗಾಗಿ ತಮ್ಮನಿಗೆ ಹೇಳಿ, ಸೋಮವಾರ ಏನಕ್ಕೂ ಸಹಿ ಹಾಕೋದು ಬೇಡ. ಕ್ಷಮೆ ಕೇಳೋದಿದ್ದರೆ ಬಾಯಲ್ಲಿ ಕೇಳಲಿ. ಅಲ್ಲಿ ಆಟಗಾರರ ಸಂಘ ಇದೆಯಾ ಅಂತ ಇವತ್ತೇ ವಿಚಾರಿಸಲಿ. ಹಾಳೆ ಕೊಟ್ಟರೆ ಫೋಟೋ ತೆಗೆದು ನಿಮಗೆ ಕಳಿಸಲಿ, ನೀವು ಇಲ್ಲಿ ಹಾಕಿ. ಹೆಸರು ಮುಚ್ಚಿ ಹಾಕಿ, ಮರೀಬೇಡಿ. ರಾತ್ರಿ ಹನ್ನೊಂದರವರೆಗೂ ಎದ್ದಿರ್ತೀನಿ, ಓದಿ ಹೇಳ್ತೀನಿ.