ಕರೆಂಟ್ ಕೊಟ್ಟರೆ ನೋವು ಹೋಗುತ್ತದೆಯೇ?

ಓದುಗರ ಪ್ರಶ್ನೆಗಳಿಗೆ ಉಡುಪಿಯ ಹಿರಿಯ ಫಿಸಿಯೋಥೆರಪಿಸ್ಟ್ ಒಬ್ಬರ ಉತ್ತರ

ಪ್ರಶ್ನೆ: ಮಲ್ಪೆ ಬಂದರಿನಲ್ಲಿ ಬೋಟಿನಿಂದ ಮೀನಿನ ಬುಟ್ಟಿ ಇಳಿಸುವ ಕೆಲಸ ನನ್ನದು. ವಯಸ್ಸು 46. ಎಂಟು ತಿಂಗಳಿಂದ ಸೊಂಟನೋವು ಇದೆ. ಸ್ಕ್ಯಾನಿಂಗ್ ನೋಡಿದ ಡಾಕ್ಟರು ಆಪರೇಷನ್ ಬೇಡ ಎಂದು ಫಿಸಿಯೋಥೆರಪಿಗೆ ಬರೆದುಕೊಟ್ಟರು. ಅಲ್ಲಿ ಹತ್ತು ದಿನ ಸೊಂಟಕ್ಕೆ ನಾಲ್ಕು ಪ್ಯಾಡ್ ಇಟ್ಟು ಕರೆಂಟ್ ಕೊಟ್ಟರು. ಆ ಸಂಜೆಗೆಲ್ಲ ಹಗುರವೆನಿಸುತ್ತದೆ, ಆದರೆ ಮರುದಿನ ಬುಟ್ಟಿಗೆ ಕೈಹಾಕುವ ಹೊತ್ತಿಗೆ ನೋವು ಮೊದಲಿನಷ್ಟೇ ಇರುತ್ತದೆ. ಇನ್ನೂ ಹತ್ತು ದಿನ ಮಾಡಿಸಿದರೆ ಪೂರ್ತಿ ಗುಣವಾಗುತ್ತದೆಯೇ?

ಉತ್ತರ: ಅದೇ ಚಿಕಿತ್ಸೆಯನ್ನು ಅದೇ ರೀತಿಯಲ್ಲಿ ಇನ್ನೂ ಹತ್ತು ದಿನ ಮಾಡಿಸಿದರೆ, ಇನ್ನೂ ಹತ್ತು ಸಂಜೆಗಳು ಹಗುರವಾದಾವು, ಅದಕ್ಕಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸಬೇಡಿ. ಹಾಗೆಂದು ನಿಮಗೆ ಸಿಕ್ಕ ಆರಾಮ ಬರಿಯ ಭ್ರಮೆ ಎಂದು ನಾನು ಹೇಳುತ್ತಿಲ್ಲ. ಆ ಆರಾಮ ಎಲ್ಲಿಂದ ಬರುತ್ತದೆ ಎಂಬುದು ತಿಳಿದರೆ ಅದನ್ನು ಹೇಗೆ ಬಳಸಿಕೊಳ್ಳಬೇಕು ಎಂಬುದೂ ಗೊತ್ತಾಗುತ್ತದೆ.

ನಾಲ್ಕು ಪ್ಯಾಡ್ ಇಟ್ಟಿದ್ದರೆ ಅದು ಬಹುಶಃ ಐಎಫ್‌ಟಿ ಎನ್ನುವ ಯಂತ್ರ. ಸುಮಾರು 4000 ಹರ್ಟ್ಸ್‌ನ, ಪರಸ್ಪರ ತುಸು ವ್ಯತ್ಯಾಸವಿರುವ ಎರಡು ವಿದ್ಯುತ್ ಪ್ರವಾಹಗಳನ್ನು ಅದು ಅಡ್ಡಡ್ಡವಾಗಿ ಹಾಯಿಸುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ, ಬ್ಯಾಟರಿಯಲ್ಲಿ ನಡೆಯುವ ಯಂತ್ರಕ್ಕೆ ಟೆನ್ಸ್ ಎನ್ನುತ್ತಾರೆ. ನೋವಿನ ಮಟ್ಟಿಗೆ ಎರಡರ ಉದ್ದೇಶವೂ ಒಂದೇ. ಹೊಸ್ತಿಲಿಗೆ ಕಾಲು ಎಡವಿದ ಕೂಡಲೇ ನಾವು ಆ ಜಾಗವನ್ನು ತಿಕ್ಕಿಕೊಳ್ಳುತ್ತೇವಷ್ಟೆ? ಸ್ಪರ್ಶದ ಸುದ್ದಿಯನ್ನು ಒಯ್ಯುವ ದಪ್ಪ ನರತಂತುಗಳು ಚುರುಕಾದಾಗ, ನೋವಿನ ಸುದ್ದಿಯನ್ನು ಒಯ್ಯುವ ಸಪೂರ ತಂತುಗಳಿಗೆ ಬೆನ್ನುಹುರಿಯಲ್ಲಿ ದಾರಿ ಕಿರಿದಾಗುತ್ತದೆ ಎಂಬ ಸಿದ್ಧಾಂತವನ್ನು ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಮುಂದಿಟ್ಟರು. ಸೆಕೆಂಡಿಗೆ 80ರಿಂದ 120 ಮಿಡಿತಗಳ ವೇಗದಲ್ಲಿ ಟೆನ್ಸ್ ಕೊಡುವ ಜುಮುಜುಮು ಕೂಡ ಅಂಥದೇ ತಿಕ್ಕಾಟ. ಮಳೆಗಾಲ ಮುಗಿದ ಮೇಲೆ ನಮ್ಮ ಊರಿನ ಕಿಂಡಿ ಅಣೆಕಟ್ಟಿಗೆ ಹಲಗೆ ಇಳಿಸುವುದನ್ನು ನೀವು ನೋಡಿರುತ್ತೀರಿ. ಹಲಗೆ ಇಳಿದರೆ ಕೆಳಗಿನ ಹರಿವು ತಗ್ಗುತ್ತದೆಯೇ ಹೊರತು ಮೇಲಿನ ನೀರು ಮಾಯವಾಗುವುದಿಲ್ಲ. ಸೆಕೆಂಡಿಗೆ ಎರಡರಿಂದ ನಾಲ್ಕು ಮಿಡಿತಗಳಷ್ಟು ನಿಧಾನವಾಗಿ, ಸ್ನಾಯು ಸ್ವಲ್ಪ ಹಾರುವಷ್ಟು ಜೋರಾಗಿ ಕೊಟ್ಟರೆ ದೇಹವು ತಾನೇ ತಯಾರಿಸುವ ಎಂಡಾರ್ಫಿನ್‌ನಂತಹ ನೋವು ನಿವಾರಕಗಳೂ ಕೆಲಸಕ್ಕೆ ಬರುತ್ತವೆ. ಆದರೆ ಪ್ರತಿದಿನ ಒಂದೇ ವೇಗ, ಒಂದೇ ಬಲ ಇಟ್ಟರೆ ನಾಲ್ಕೈದು ದಿನಗಳಲ್ಲಿ ದೇಹ ಅದಕ್ಕೆ ಒಗ್ಗಿಹೋಗಿ ಪರಿಣಾಮ ಕುಗ್ಗುವುದು ಪ್ರಯೋಗಗಳಲ್ಲಿ ಕಂಡುಬಂದಿದೆ.

(ಇದು ಹೊಸ ವಿದ್ಯೆಯೇನೂ ಅಲ್ಲ. ಮುಟ್ಟಿದರೆ ಕೈಗೆ ಜೋಮು ಹಿಡಿಸುವ, ತೊರಕೆಯ ಬಂಧುವಾದ ಮೀನೊಂದು ಟ್ರಾಲ್ ಬಲೆಗೆ ಆಗೊಮ್ಮೆ ಈಗೊಮ್ಮೆ ಬೀಳುವುದನ್ನು ಬಂದರಿನವರು ಬಲ್ಲರು. ಒಂದನೇ ಶತಮಾನದ ರೋಮ್‌ನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್, ಅದೇ ಬಗೆಯ ಮೀನಿನ ಮೇಲೆ ಕಾಲು ಇಡಿಸಿ ಗೌಟ್ ಎಂಬ ಕೀಲುನೋವಿಗೆ ಚಿಕಿತ್ಸೆ ಮಾಡುವುದನ್ನು ಬರೆದಿಟ್ಟಿದ್ದಾನೆ.)

ಇನ್ನು ಸಾಕ್ಷ್ಯದ ಮಾತು. 2022ರಲ್ಲಿ ಪ್ರಕಟವಾದ, 381 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವಿಮರ್ಶೆಯೊಂದು, ಟೆನ್ಸ್ ಇಟ್ಟಿರುವಾಗ ಮತ್ತು ತೆಗೆದ ಬೆನ್ನಿಗೆ ನೋವಿನ ತೀವ್ರತೆ ಇಳಿಯುತ್ತದೆ ಎಂದು ಹೇಳಿತು. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಎಂದು ವೈದ್ಯರಿಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿಯಾದರೋ ಸೊಂಟನೋವಿಗೆ ಟೆನ್ಸ್ ಅನ್ನೂ ಐಎಫ್‌ಟಿಯನ್ನೂ ಕೊಡಬೇಡಿ ಎನ್ನುತ್ತದೆ. ಇವೆರಡೂ ಒಂದಕ್ಕೊಂದು ವಿರುದ್ಧ ಎಂದು ನನಗೆ ಅನಿಸುವುದಿಲ್ಲ. ಮೊದಲನೆಯದು ಯಂತ್ರ ಹಚ್ಚಿದ ಆ ಹೊತ್ತಿನ ನೋವನ್ನು ಅಳೆದಿದೆ. ಎರಡನೆಯದು ನಂತರದ ವಾರಗಳಲ್ಲಿ ರೋಗಿಯ ಬದುಕು ಸುಧಾರಿಸಿತೇ ಎಂದು ಕೇಳಿದೆ. ನಿಮ್ಮ ಅನುಭವವೂ ಅದನ್ನೇ ಹೇಳುತ್ತಿದೆ.

ಆದ್ದರಿಂದ ನನ್ನ ಸಲಹೆ ಹೀಗಿದೆ. ಕರೆಂಟ್ ಕೊಟ್ಟ ನಂತರ ಸಿಗುವ ಒಂದೆರಡು ಗಂಟೆಗಳ ಹಗುರವನ್ನು ಮನೆಗೆ ಹೋಗಿ ಮಲಗಲು ಬಳಸಬೇಡಿ, ವ್ಯಾಯಾಮಕ್ಕೆ ಬಳಸಿ. ನೋವಿನ ಭಯದಿಂದ ಎಂಟು ತಿಂಗಳು ಬಿಗಿಹಿಡಿದುಕೊಂಡ ಸೊಂಟವನ್ನು ಬಾಗಿಸಲು, ಮಣಿಸಲು, ಭಾರ ಹೊರಿಸಲು ಆಗಲೇ ಧೈರ್ಯ ಬರುವುದು. ಮೊದಲು ನಡಿಗೆ, ಬಳಿಕ ಸೊಂಟ ಮತ್ತು ಪೃಷ್ಠದ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ, ಕೊನೆಗೆ ಖಾಲಿ ಬುಟ್ಟಿ ಎತ್ತುವುದರಿಂದ ಹಿಡಿದು ವಾರವಾರವೂ ತೂಕ ಏರಿಸುತ್ತಾ ನಿಮ್ಮ ನಿಜವಾದ ಕೆಲಸದ ಅಭ್ಯಾಸ. ಹತ್ತು ದಿನಗಳಲ್ಲಿ ಇವುಗಳಲ್ಲಿ ಒಂದನ್ನೂ ಮಾಡಿಸದೆ ಪ್ಯಾಡ್ ಮಾತ್ರ ಇಟ್ಟು ಕಳುಹಿಸಿದ್ದರೆ, ಸಂಕೋಚಪಡದೆ ‘ನನಗೆ ವ್ಯಾಯಾಮ ಹೇಳಿಕೊಡಿ’ ಎಂದು ಕೇಳಿ. ಅದು ನಿಮ್ಮ ಹಕ್ಕು. ಕಾಲಿನ ಶಕ್ತಿ ಕುಂದಿದರೆ, ಕುಳಿತುಕೊಳ್ಳುವ ಜಾಗದಲ್ಲಿ ಸ್ಪರ್ಶ ತಿಳಿಯದಂತಾದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ ಮಾತ್ರ ಇದ್ಯಾವುದನ್ನೂ ಮಾಡುತ್ತಾ ಕೂರಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: 67 ವರ್ಷದ ನನ್ನ ಅಮ್ಮನಿಗೆ ಮೂರು ವಾರಗಳ ಹಿಂದೆ ಮಂಗಳೂರಿನಲ್ಲಿ ಮೊಣಕಾಲಿನ ಕೀಲು ಬದಲಾಯಿಸುವ ಶಸ್ತ್ರಚಿಕಿತ್ಸೆ ಆಯಿತು. ತೊಡೆ ಸಪೂರವಾಗಿದೆ, ಮಲಗಿದಲ್ಲಿಂದ ಕಾಲನ್ನು ನೇರವಾಗಿ ಎತ್ತಲು ಆಗುತ್ತಿಲ್ಲ. ಸ್ನಾಯುವಿಗೆ ಕರೆಂಟ್ ಕೊಡುವ ಯಂತ್ರ ಹಚ್ಚೋಣ ಎಂದು ಫಿಸಿಯೋಥೆರಪಿಸ್ಟ್ ಹೇಳುತ್ತಾರೆ. ಒಳಗೆ ಲೋಹದ ಕೀಲು ಇರುವುದರಿಂದ ನಮಗೆ ಹೆದರಿಕೆ. ಇದು ಒಳ್ಳೆಯದೇ?

ಉತ್ತರ: ಒಳ್ಳೆಯದು. ವಿದ್ಯುತ್ ಚಿಕಿತ್ಸೆಯ ಎಲ್ಲ ಬಳಕೆಗಳಲ್ಲಿ ನಾನು ಹೆಚ್ಚು ಭರವಸೆಯಿಂದ ಹೇಳಬಲ್ಲದ್ದು ಇದೇ. ನಿಮ್ಮ ಅಮ್ಮನ ತೊಡೆಯ ಮುಂಭಾಗದ ಸ್ನಾಯು ಕೇವಲ ಸೊರಗಿಲ್ಲ, ಅದಕ್ಕೆ ಅಪ್ಪಣೆಯೇ ಸರಿಯಾಗಿ ತಲುಪುತ್ತಿಲ್ಲ. ಊದಿಕೊಂಡ, ಗಾಯವಾದ ಕೀಲಿನಿಂದ ಹೊರಡುವ ಸಂಕೇತಗಳು ಬೆನ್ನುಹುರಿಯ ಮಟ್ಟದಲ್ಲಿಯೇ ಆ ಸ್ನಾಯುವನ್ನು ತಡೆಹಿಡಿಯುತ್ತವೆ. ಅವರು ಮನಸ್ಸು ಮಾಡುತ್ತಿಲ್ಲ ಎಂದು ಮನೆಯವರು ಗದರುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಎನ್‌ಎಂಇಎಸ್ ಎನ್ನುವ ಈ ಯಂತ್ರ, ಮಿದುಳಿನ ಅಪ್ಪಣೆಗೆ ಕಾಯದೆ, ಸ್ನಾಯುವಿನ ನರವನ್ನು ಹೊರಗಿನಿಂದಲೇ ಎಚ್ಚರಿಸಿ ಸಂಕೋಚನ ಹುಟ್ಟಿಸುತ್ತದೆ. ಶಸ್ತ್ರಚಿಕಿತ್ಸೆಯ ನಂತರದ ಮೊದಲ ವಾರಗಳಲ್ಲಿ ಆರಂಭಿಸಿದರೆ ಅದರ ಲಾಭ ಹೆಚ್ಚು.

ಲೋಹದ ಬಗ್ಗೆ ಹೆದರಿಕೆ ಬೇಡ. ಈ ಯಂತ್ರದ ಚಿಕ್ಕ ಚಿಕ್ಕ ಮಿಡಿತಗಳು ಲೋಹವನ್ನು ಬಿಸಿ ಮಾಡುವುದಿಲ್ಲ. ಲೋಹವಿರುವಲ್ಲಿ ಇಡಬಾರದ್ದು ಶಾರ್ಟ್‌ವೇವ್ ಡಯಾಥರ್ಮಿ ಎಂಬ, ಆಳದಲ್ಲಿ ಶಾಖ ಹುಟ್ಟಿಸುವ ಬೇರೆಯೇ ಯಂತ್ರವನ್ನು. ಜನರು ಎರಡನ್ನೂ ‘ಕರೆಂಟ್’ ಎಂದೇ ಕರೆಯುವುದರಿಂದ ಈ ಗೊಂದಲ ಹುಟ್ಟಿದೆ.

ಹೇಗೆ ಮಾಡುತ್ತಾರೆ ಎಂಬುದನ್ನು ನೀವು ತಿಳಿದಿರುವುದು ಒಳ್ಳೆಯದು. ತೊಡೆಯ ಮೇಲ್ಭಾಗದ ಹೊರಬದಿಗೆ ಒಂದು, ಮೊಣಕಾಲಿನ ಚಿಪ್ಪಿನ ಮೇಲುಗಡೆ ಒಳಬದಿಗೆ ಒಂದು, ಹೀಗೆ ಅಂಗೈ ಅಗಲದ ಎರಡು ಪ್ಯಾಡ್‌ಗಳನ್ನು, ಹೊಲಿಗೆಯ ಗಾಯದಿಂದ ದೂರವಿಟ್ಟು ಅಂಟಿಸುತ್ತಾರೆ. ಸೆಕೆಂಡಿಗೆ ಸುಮಾರು 50 ಮಿಡಿತಗಳು, ಹತ್ತು ಸೆಕೆಂಡು ಸ್ನಾಯು ಬಿಗಿಯುವುದು, ಐವತ್ತು ಸೆಕೆಂಡು ಬಿಡುವು. ಇಷ್ಟು ದೀರ್ಘ ಬಿಡುವು ಯಾಕೆಂದರೆ, ನಾವು ಸ್ವತಃ ಕಾಲೆತ್ತುವಾಗ ಸ್ನಾಯುವಿನ ಎಳೆಗಳು ಪಾಳಿಯಲ್ಲಿ ದುಡಿಯುತ್ತವೆ, ಯಂತ್ರವಾದರೋ ಅವೇ ಎಳೆಗಳನ್ನು ಒಟ್ಟಿಗೇ ಮತ್ತೆ ಮತ್ತೆ ದುಡಿಸುತ್ತದೆ. ಆದ್ದರಿಂದ ದಣಿವು ಬೇಗ. ಹತ್ತರಿಂದ ಹದಿನೈದು ಸಲ ಆದರೆ ಆ ಹೊತ್ತಿಗೆ ಸಾಕು. ಬರಿಯ ಜುಮುಜುಮು ಇಲ್ಲಿ ಪ್ರಯೋಜನಕ್ಕೆ ಬಾರದು. ಸಹಿಸಬಹುದಾದ ಮಟ್ಟಿಗೆ ಏರಿಸಿ, ಚಿಪ್ಪು ಮೇಲಕ್ಕೆ ಜರುಗುವುದು ಕಣ್ಣಿಗೆ ಕಾಣುವಷ್ಟು ಸ್ನಾಯು ಗಟ್ಟಿಯಾಗಬೇಕು. ಸ್ನಾಯು ಬಿಗಿದ ಆ ಹತ್ತು ಸೆಕೆಂಡೂ ಅಮ್ಮ ತಾವೂ ಮೊಣಕಾಲನ್ನು ಹಾಸಿಗೆಗೆ ಒತ್ತಬೇಕು. ಯಂತ್ರ ಮಾಡಲಿ ಎಂದು ಕಣ್ಣುಮುಚ್ಚಿ ಮಲಗಿದರೆ ಅರ್ಧ ಫಲ ಅಲ್ಲೇ ನಷ್ಟ.

ನಮ್ಮ ಕರಾವಳಿಗೇ ವಿಶೇಷವಾದ ಒಂದು ತೊಡಕನ್ನು ಇಲ್ಲಿ ಹೇಳಲೇಬೇಕು. ಒಬ್ಬ ಅಜ್ಜಿಗೆ ಎಷ್ಟು ಏರಿಸಿದರೂ ಸ್ನಾಯು ಎದ್ದೇಳುತ್ತಿರಲಿಲ್ಲ, ಚರ್ಮ ಮಾತ್ರ ಚುರುಚುರು ಎನ್ನುತ್ತಿತ್ತು. ಪ್ಯಾಡ್ ತೆಗೆದು ನೋಡಿದರೆ ಅದರ ಅಂಟು ತೊಯ್ದು ಹೊಳೆಯುತ್ತಿತ್ತು: ಬೆಳಿಗ್ಗೆ ಸೊಸೆ ಪ್ರೀತಿಯಿಂದ ಕಾಲಿಗೆಲ್ಲ ತೆಂಗಿನೆಣ್ಣೆ ಹಚ್ಚಿ ನೀವಿದ್ದಳು. ಎಣ್ಣೆಯ ಪದರದ ಮೂಲಕ ವಿದ್ಯುತ್ ಸಮನಾಗಿ ಹರಿಯುವುದಿಲ್ಲ. ಸೋಪಿನಲ್ಲಿ ತೊಳೆದು ಒರೆಸಿ ಹೊಸ ಪ್ಯಾಡ್ ಇಟ್ಟಾಗ, ಅದಕ್ಕಿಂತ ಕಡಿಮೆ ಬಲದಲ್ಲಿಯೇ ಚಿಪ್ಪು ಜರುಗಿತು. ಎಣ್ಣೆ ಹಚ್ಚುವುದಿದ್ದರೆ ಚಿಕಿತ್ಸೆ ಮುಗಿದ ಮೇಲೆ, ಹೊಲಿಗೆಯ ಗಾಯ ಬಿಟ್ಟು ಹಚ್ಚಿ. ಬೆವರಿಗೂ ಇದೇ ಮಾತು. ಮೀನಖಂಡ ಒಮ್ಮೆಲೇ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುವಂತಿದ್ದರೆ ಯಂತ್ರ ಹಚ್ಚುವ ಮೊದಲು ವೈದ್ಯರಿಗೆ ತೋರಿಸಿ. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆ ಇರುತ್ತದೆ.

ಪ್ರಶ್ನೆ: ನಾನು ಬಡಗುತಿಟ್ಟಿನ ಯಕ್ಷಗಾನ ಕಲಾವಿದ, 34 ವರ್ಷ. ತಿರುಗಾಟದ ದಿನಗಳಲ್ಲಿ ಮಂಡಿ ಕುಣಿತದ ಮರುದಿನ ತೊಡೆ, ಮೀನಖಂಡ ಕಲ್ಲಿನಂತಾಗಿರುತ್ತವೆ. ಗೆಳೆಯರೊಬ್ಬರು ಚಿಕ್ಕ ಯಂತ್ರ ತಂದಿದ್ದಾರೆ, ಇಪ್ಪತ್ತು ನಿಮಿಷ ಇಟ್ಟರೆ ಸ್ನಾಯು ಮೊದಲಿನಂತೆ ಆಗುತ್ತದೆ ಎನ್ನುತ್ತಾರೆ. ಬಳಸಲೇ?

ಉತ್ತರ: ಇಟ್ಟುಕೊಂಡರೆ ಹಾನಿಯಿಲ್ಲ, ಹಗುರವೂ ಅನಿಸಬಹುದು. ಆದರೆ ಅದರಿಂದ ದಣಿದ ಸ್ನಾಯು ಬೇಗ ಚೇತರಿಸಿಕೊಳ್ಳುತ್ತದೆ ಎನ್ನಲು ಗಟ್ಟಿಯಾದ ಆಧಾರ ಇಲ್ಲ. ರಾತ್ರಿಯಿಡೀ ಕುಣಿದ ದೇಹಕ್ಕೆ ಹಗಲಿನ ನಿದ್ದೆ, ನೀರು, ಹೊಟ್ಟೆತುಂಬ ಊಟ, ಸಂಜೆಯ ನಿಧಾನ ನಡಿಗೆ ಇವು ಮಾಡುವ ಉಪಕಾರವನ್ನು ಯಾವ ಯಂತ್ರವೂ ಮಾಡದು. ನನಗೆ ಆತಂಕವಿರುವುದು ಬೇರೆ ಕಡೆ. ಚೌಕಿಯಲ್ಲಿ ವೇಷ ಕಟ್ಟುವ ಮೊದಲು ಮೊಣಕಾಲಿಗೆ ಟೆನ್ಸ್ ಇಟ್ಟು, ನೋವು ತಿಳಿಯದಂತೆ ಮಾಡಿಕೊಂಡು ರಂಗಕ್ಕೆ ಹೋಗುವ ಅಭ್ಯಾಸ ಮಾತ್ರ ಖಂಡಿತ ಬೇಡ. ಮಂಡಿಯೂರಿ ಸುತ್ತುವಾಗ ಕೀಲು ಕೊಡುವ ಎಚ್ಚರಿಕೆ ನಿಮಗೆ ತಲುಪಬೇಕು. ತಿರುಗಾಟ ಮುಗಿಯುವ ಪತ್ತನಾಜೆಯ ನಂತರ ಸಿಗುವ ಮಳೆಗಾಲದ ಬಿಡುವಿನಲ್ಲಿ ತೊಡೆ, ಮೀನಖಂಡಗಳಿಗೆ ಬಲ ತುಂಬುವ ವ್ಯಾಯಾಮ ಮಾಡಿದರೆ ಮುಂದಿನ ತಿರುಗಾಟದಲ್ಲಿ ಅದರ ಗುಣ ಕಾಣುತ್ತದೆ. ಒಂದೇ ಕಾಲಿನಲ್ಲಿ, ಒಂದೇ ಬಿಂದುವಿನಲ್ಲಿ ಇರಿದಂತೆ ನೋವಾಗಿದ್ದರೆ ಅದು ದಣಿವಲ್ಲ, ಪೆಟ್ಟು, ತೋರಿಸಿ.

ಪ್ರಶ್ನೆ: ಗಲ್ಫ್‌ನಲ್ಲಿರುವ ಅಣ್ಣ ಅಪ್ಪಯ್ಯನ ಮೊಣಕಾಲು ನೋವಿಗೆಂದು ಟೆನ್ಸ್ ಯಂತ್ರ ಕಳುಹಿಸಿದ್ದಾನೆ. ಅಪ್ಪಯ್ಯನಿಗೆ 72 ವರ್ಷ, ಹೃದಯಕ್ಕೆ ಪೇಸ್‌ಮೇಕರ್ ಹಾಕಿದ್ದಾರೆ, ಹದಿನೆಂಟು ವರ್ಷಗಳಿಂದ ಸಕ್ಕರೆ ಕಾಯಿಲೆಯೂ ಇದೆ. ಮೊಣಕಾಲು ಹೃದಯದಿಂದ ದೂರವಲ್ಲವೇ, ಇಡಬಹುದೇ? — ಕುಂದಾಪುರ

ಉತ್ತರ: ಇಡಬೇಡಿ. ಯಂತ್ರದ ಮಿಡಿತಗಳನ್ನು ಪೇಸ್‌ಮೇಕರ್ ಹೃದಯದ ಮಿಡಿತವೆಂದು ತಪ್ಪು ತಿಳಿದರೆ, ಅದು ಕೊಡಬೇಕಾದ ಮಿಡಿತವನ್ನು ಕೊಡದೆ ಸುಮ್ಮನಿರಬಹುದು. ದೂರವಿದ್ದಷ್ಟೂ ಅಪಾಯ ಕಡಿಮೆ ಎಂಬುದು ನಿಜವಾದರೂ, ಅವರ ಪೇಸ್‌ಮೇಕರ್ ಅನ್ನು ಪರೀಕ್ಷಿಸುವ ಹೃದಯತಜ್ಞರು ಒಪ್ಪುವವರೆಗೆ ಮನೆಯಲ್ಲಿ ಪ್ರಯೋಗ ಸಲ್ಲದು.

ಸಕ್ಕರೆ ಕಾಯಿಲೆಯ ಮಾತು ಇನ್ನೊಂದು. ಕೆಲವು ವರ್ಷಗಳ ಹಿಂದೆ ನನ್ನ ಬಳಿಗೆ ಬಂದ ಹಿರಿಯರೊಬ್ಬರ ಪಾದದ ಮೇಲೆ ಐದು ರೂಪಾಯಿ ನಾಣ್ಯದಷ್ಟು ಅಗಲದ ಕಂದು ಸುಟ್ಟಗಾಯ ಇತ್ತು. ಹಳೆಯ ಪ್ಯಾಡಿನ ಅಂಟು ಒಣಗಿ, ಮೂರು ಮೂಲೆ ಎದ್ದು ನಿಂತು, ಚರ್ಮಕ್ಕೆ ತಾಗಿದ್ದ ಅಷ್ಟೇ ಜಾಗದಲ್ಲಿ ವಿದ್ಯುತ್ತೆಲ್ಲ ಹರಿದಿತ್ತು. ಸ್ಪರ್ಶಜ್ಞಾನ ಇದ್ದವರು ಕೂಡಲೇ ಕಿತ್ತೆಸೆಯುತ್ತಿದ್ದರು. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದ್ದ ಅವರಿಗೆ ಉರಿಯೇ ತಿಳಿಯಲಿಲ್ಲ, ‘ಏನೂ ಗೊತ್ತಾಗುವುದಿಲ್ಲ’ ಎಂದು ಇನ್ನಷ್ಟು ಏರಿಸಿಕೊಂಡಿದ್ದರು. ಆ ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಆ ಪಾದವನ್ನು ನಾನು ಮರೆತಿಲ್ಲ.

ಮನೆಯಲ್ಲಿ ಬೇರೆ ಯಾರಾದರೂ ಆ ಯಂತ್ರ ಬಳಸುವುದಿದ್ದರೆ, ಪ್ಯಾಡ್ ಇಡುವ ಜಾಗವನ್ನು ತೆಂಗಿನ ಕಡ್ಡಿಯ ಚೂಪು ತುದಿಯಿಂದ ಒಮ್ಮೆ, ಮೊಂಡು ತುದಿಯಿಂದ ಒಮ್ಮೆ ಮೆಲ್ಲನೆ ಮುಟ್ಟಿ, ಅವರು ಕಣ್ಣುಮುಚ್ಚಿಕೊಂಡು ವ್ಯತ್ಯಾಸ ಹೇಳಬಲ್ಲರೇ ನೋಡಿ. ಹೇಳಲಾಗದಿದ್ದರೆ ಅಲ್ಲಿ ಪ್ಯಾಡ್ ಇಡುವಂತಿಲ್ಲ. ಕುತ್ತಿಗೆಯ ಮುಂಭಾಗ, ಕಣ್ಣು, ಎದೆಗೆ ಅಡ್ಡಲಾಗಿ, ಕ್ಯಾನ್ಸರ್ ಇರುವ ಜಾಗ, ಗಾಯ ಅಥವಾ ಕಜ್ಜಿಯಾದ ಚರ್ಮ, ಗರ್ಭಿಣಿಯರ ಹೊಟ್ಟೆ ಮತ್ತು ಸೊಂಟ, ಇಲ್ಲೆಲ್ಲ ಇಡಬಾರದು. ಅಪಸ್ಮಾರ ಇರುವವರು ವೈದ್ಯರನ್ನು ಕೇಳದೆ ಬಳಸಬಾರದು. ಸ್ನಾನ ಮಾಡುವಾಗ, ವಾಹನ ಓಡಿಸುವಾಗ, ನಿದ್ದೆಹೋಗುವಾಗ ಹಚ್ಚಿಕೊಂಡಿರಬಾರದು.

ಅಪ್ಪಯ್ಯನ ಮೊಣಕಾಲಿಗೆ ಇದರಿಂದ ದೊಡ್ಡ ನಷ್ಟವೇನೂ ಇಲ್ಲ. ಕೀಲು ಸವೆತಕ್ಕೆ ಟೆನ್ಸ್ ಕೊಡುವ ಲಾಭಕ್ಕೆ ಸಾಕಷ್ಟು ಪುರಾವೆ ಇಲ್ಲವೆಂದು ನೈಸ್ 2022ರಲ್ಲಿ ಅದನ್ನೂ ಕೈಬಿಟ್ಟಿದೆ. ಅದೇ ಮಾರ್ಗಸೂಚಿ ವ್ಯಾಯಾಮವನ್ನು ಮುಖ್ಯ ಚಿಕಿತ್ಸೆ ಎನ್ನುತ್ತದೆ. ಗೋಡೆಗೆ ಒತ್ತಿ ಇಟ್ಟ, ಕೈ ಇರುವ ಗಟ್ಟಿ ಕುರ್ಚಿಯಿಂದ ಅವರು ದಿನಕ್ಕೆ ಎರಡು ಹೊತ್ತು, ಎಂಟೆಂಟು ಸಲ ನಿಧಾನವಾಗಿ ಎದ್ದು ಕೂರಲಿ. ಆರಂಭದಲ್ಲಿ ಕೈ ಊರಿಕೊಂಡೇ ಏಳಲಿ, ಎದೆಬಡಿತ ಅಥವಾ ತಲೆಸುತ್ತು ಬಂದರೆ ನಿಲ್ಲಿಸಲಿ. ಎರಡು ವಾರಗಳ ನಂತರ ಕೈ ಊರದೆ ಎಷ್ಟು ಸಲ ಏಳುತ್ತಾರೆ ಎಂದು ಬರೆದು ತಿಳಿಸಿ, ಮುಂದಿನ ಹೆಜ್ಜೆ ಹೇಳುತ್ತೇನೆ.