‘ಧೈರ್ಯ ಬರೋ ಹಾಗೆ ಏನಾದ್ರೂ ಮಾಡಿ ಮೇಡಂ’

ಕ್ಲಿನಿಕ್, ನರ್ಸಿಂಗ್ ಹೋಂ, ಲ್ಯಾಬುಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ಆಪ್ತಸಲಹೆಗೆ ಬಂದಾಗ ಹೇಳಿಕೊಳ್ಳುವುದು ಹೆಚ್ಚುಕಡಿಮೆ ಒಂದೇ: ನಿದ್ದೆ ಬರಲ್ಲ, ಎದೆ ಹೊಡ್ಕೊಳ್ಳುತ್ತೆ, ಕೆಲಸಕ್ಕೆ ಹೊರಡೋ ಹೊತ್ತಿಗೆ ಹೊಟ್ಟೆ ತೊಳಸುತ್ತೆ. ಸ್ವಲ್ಪ ಕೆದಕಿದರೆ ಹಲವರಲ್ಲಿ ಸಿಗುವ ಕಾರಣವೂ ಒಂದೇ. ಅವರು ಕಲಿಯದ ಕೆಲಸವನ್ನು ಅವರಿಂದ ಮಾಡಿಸುತ್ತಿರುತ್ತಾರೆ. ಅಂಥ ಒಬ್ಬರ ವಿಷಯವನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ. ಸುಮಾ ಎಂದು ಕರೆಯೋಣ.

ಸುಮಾ ಡೆಂಟಲ್ ಹೈಜೀನಿಸ್ಟ್. ಪಿಯುಸಿ ಆದಮೇಲೆ ದಂತ ಕಾಲೇಜಿನಲ್ಲಿ ಎರಡು ವರ್ಷದ ಕೋರ್ಸ್ ಮುಗಿಸಿದವರು. ತಂದೆ ಇಲ್ಲ, ತಮ್ಮ ಓದುತ್ತಿದ್ದಾನೆ, ಮನೆ ನಡೆಯುವುದು ಇವರ ಸಂಬಳದಿಂದ. ಹಲ್ಲಿಗೆ ಅಂಟಿದ ಗಾರೆ ತೆಗೆದು ಕ್ಲೀನ್ ಮಾಡುವುದು (ಸ್ಕೇಲಿಂಗ್), ಪಾಲಿಶ್ ಮಾಡುವುದು, ಬಾಯಿ ಹೇಗೆ ಶುಚಿಯಾಗಿಟ್ಟುಕೊಳ್ಳಬೇಕೆಂದು ತಿಳಿಹೇಳುವುದು ಅವರು ಕಲಿತ ವಿದ್ಯೆ. 1948ರ ದಂತವೈದ್ಯರ ಕಾಯ್ದೆ ಹೈಜೀನಿಸ್ಟ್ ಕೆಲಸವನ್ನು ಹೇಳುವಾಗ ಇಷ್ಟನ್ನೇ ಹೇಳಿತ್ತು. ಅದೇನೂ ಸಣ್ಣ ಕೆಲಸವಲ್ಲ. ವಸಡಿನ ರೋಗದಿಂದ ಹಲ್ಲು ಕಳೆದುಕೊಳ್ಳುವವರಲ್ಲಿ ಎಷ್ಟೋ ಮಂದಿಗೆ ಮೊದಲೇ ಇಂಥವರೊಬ್ಬರ ಕೈ ಸಿಕ್ಕಿದ್ದರೆ ಹಲ್ಲು ಉಳಿಯುತ್ತಿತ್ತು.

ಅವರು ಕೆಲಸ ಮಾಡುತ್ತಿದ್ದ ಕ್ಲಿನಿಕ್ಕಿನ ಡಾಕ್ಟರು ಪಕ್ಕದ ತಾಲ್ಲೂಕಿನಲ್ಲಿ ಇನ್ನೊಂದು ಕ್ಲಿನಿಕ್ ತೆರೆದರು. ಇಲ್ಲಿಗೆ ಬರುವುದು ತಡವಾಗತೊಡಗಿತು. ‘ನೀನು ಇಂಜೆಕ್ಷನ್ ಕೊಟ್ಟು ಕೂರಿಸಿರು, ನಾನು ಬಂದು ಹಲ್ಲು ಕೀಳ್ತೀನಿ’ ಎಂದು ಫೋನಿನಲ್ಲೇ ಹೇಳುವುದು ರೂಢಿಯಾಯಿತು. ಒಂದು ದಿನ ವಯಸ್ಸಾದವರೊಬ್ಬರಿಗೆ ಕೆಳದವಡೆಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟ ಸ್ವಲ್ಪ ಹೊತ್ತಿಗೆ ಅವರ ಮುಖದ ಒಂದು ಪಕ್ಕ ಜೋತುಬಿತ್ತು, ಕಣ್ಣು ಮುಚ್ಚಲಾಗಲಿಲ್ಲ. ಲಕ್ವ ಹೊಡೆಯಿತೆಂದು ಸುಮಾ ನಡುಗಿಹೋದರು. ಸೂಜಿ ತೀರಾ ಹಿಂದಕ್ಕೆ ಹೋದರೆ ಔಷಧಿ ಮುಖದ ನರಕ್ಕೆ ತಾಗಿ ಹೀಗಾಗುವುದುಂಟು, ಕೆಲವು ಗಂಟೆಗಳಲ್ಲಿ ಸರಿಹೋಗುತ್ತದೆ. ಅವರಿಗೂ ಸಂಜೆಯೊಳಗೆ ಸರಿಹೋಯಿತು. ‘ಎಲ್ರಿಗೂ ಒಂದ್ಸಲ ಆಗೋದೇ’ ಎಂದು ಡಾಕ್ಟರು ನಕ್ಕು ಸುಮ್ಮನಾದರು.

ಸುಮಾ ನನ್ನಲ್ಲಿಗೆ ಬಂದದ್ದು ಇದಾದ ಮೇಲೆ. ಕೇಳಿದ್ದು ಒಂದೇ: ‘ಧೈರ್ಯ ಬರೋ ಹಾಗೆ ಏನಾದ್ರೂ ಮಾಡಿ ಮೇಡಂ. ಸೂಜಿ ಹಿಡಿದ್ರೆ ಕೈ ನಡುಗುತ್ತೆ.’

ಮೊದಲ ಭೇಟಿಗಳಲ್ಲಿ ಮಾತೆಲ್ಲ ಡಾಕ್ಟರ ಒತ್ತಾಯದ ಸುತ್ತಲೇ ತಿರುಗಿತು. ಮಾತು ತಿರುವು ಪಡೆದ ದಿನ ಅವರು ವಾದಕ್ಕೇ ಸಿದ್ಧವಾಗಿ ಬಂದಿದ್ದರು. ‘ಇಂಗ್ಲೆಂಡಲ್ಲಿ ಹೈಜೀನಿಸ್ಟುಗಳೇ ಇಂಜೆಕ್ಷನ್ ಕೊಡ್ತಾರಂತೆ. ಡೆಂಟಲ್ ಥೆರಪಿಸ್ಟ್ ಅಂತ ಇರ್ತಾರೆ, ಹಲ್ಲು ತುಂಬ್ತಾರೆ, ಮಕ್ಕಳ ಹಾಲುಹಲ್ಲು ಕೀಳ್ತಾರೆ. ಅವರಿಗಾಗೋದು ನನಗ್ಯಾಕಾಗಲ್ಲ?’

ನಿಜವೇ. ನ್ಯೂಜಿಲೆಂಡಿನಲ್ಲಂತೂ 1921ರಿಂದಲೇ ಶಾಲಾಮಕ್ಕಳ ಹಲ್ಲು ನೋಡಲು ಹೆಣ್ಣುಮಕ್ಕಳಿಗೆ ತರಬೇತಿ ಕೊಡಲು ಶುರುಮಾಡಿದರು. ‘ನಿಮಗೂ ಆಗುತ್ತೆ ಸುಮಾ, ಯಾರಾದ್ರೂ ಕಲಿಸಿದ್ರೆ’ ಎಂದೆ. ‘ನಿಮಗೆ ಯಾರು ಕಲಿಸಿದ್ರು?’

ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: ‘ಸರ್ ಕೊಡೋದನ್ನ ನೋಡಿದ್ದೆ. ಔಷಧಿ ಬಿಡೋಕೆ ಮುಂಚೆ ಸಿರಿಂಜನ್ನ ಸ್ವಲ್ಪ ಹಿಂದಕ್ಕೆ ಎಳೀತಿದ್ರು, ನಾನೂ ಎಳೀತಿದ್ದೆ. ಸೂಜಿ ರಕ್ತನಾಳದೊಳಗೆ ಹೋಗಿದೆಯಾ ಅಂತ ನೋಡೋಕೆ ಅದು ಅಂತ ಈಗ ಓದಿ ತಿಳ್ಕೊಂಡೆ. ಇಷ್ಟು ದಿನ ರಕ್ತ ಬಂದಿದ್ರೂ ನನಗೆ ಏನು ಮಾಡ್ಬೇಕು ಅಂತ ಗೊತ್ತಿರ್ಲಿಲ್ಲ.’

ಇನ್ನೊಂದು ಮಾತು, ನಾನು ಕೇಳದೆಯೇ ಬಂತು. ‘ಪೇಶೆಂಟುಗಳು ನನ್ನ ಡಾಕ್ಟ್ರೇ ಅಂತಾರೆ ಮೇಡಂ. ಅಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ. ಅಮ್ಮನೂ ಬೀದೀಲಿ ಹಾಗೇ ಹೇಳ್ಕೊಂಡಿದಾರೆ.’

ಒತ್ತಾಯದ ಜೊತೆಗೆ ಒಂದು ಆಸೆಯೂ ಅವರನ್ನು ಆ ಕುರ್ಚಿಯ ಪಕ್ಕ ನಿಲ್ಲಿಸಿತ್ತು. ಅದನ್ನು ಬಾಯಿಬಿಟ್ಟು ಹೇಳಲು ಬೇಕಾದ ಧೈರ್ಯ ಸಣ್ಣದಲ್ಲ ಎಂದು ಅವರಿಗೆ ಅಂದೇ ಹೇಳಿದೆ.

ಕೈ ನಡುಕ ನಿಲ್ಲಿಸಲು ಉಸಿರಾಟದ ಅಭ್ಯಾಸ ಹೇಳಿಕೊಡಬಹುದಿತ್ತು. ಕೊಡಲಿಲ್ಲ. ಆ ನಡುಕ ರೋಗವಲ್ಲ ಎಂಬುದು ನನ್ನ ಖಚಿತ ನಂಬಿಕೆ. ತನಗೆ ಗೊತ್ತಿಲ್ಲದ್ದನ್ನು ಮಾಡುತ್ತಿದ್ದೇನೆಂದು ಅರಿತವರ ಕೈ ನಡುಗಲೇಬೇಕು. ನಾನು ಕೊಟ್ಟ ಸಲಹೆ ನೇರವಾಗಿತ್ತು: ನಾಳೆಯಿಂದ ಇಂಜೆಕ್ಷನ್ ಕೊಡಬೇಡಿ. ಡಾಕ್ಟರಿಗೆ ಹೇಳಬೇಕಾದ ಮಾತನ್ನು ಇಬ್ಬರೂ ಕೂತು ಅಭ್ಯಾಸ ಮಾಡಿದೆವು. ದೂರಿಲ್ಲ, ಅಳುವಿಲ್ಲ, ಕಾನೂನಿನ ಬೆದರಿಕೆಯೂ ಇಲ್ಲ. ‘ಸರ್, ಸ್ಕೇಲಿಂಗ್ ಎಷ್ಟು ಬೇಕಾದ್ರೂ ಮಾಡ್ತೀನಿ. ಇಂಜೆಕ್ಷನ್ ನೀವು ಬಂದ್ಮೇಲೆ ನೀವೇ ಕೊಡಿ.’ ಪೇಶೆಂಟ್ ಡಾಕ್ಟ್ರೇ ಎಂದಾಗ ‘ನಾನು ಹೈಜೀನಿಸ್ಟ್’ ಎಂದು ಒಮ್ಮೆ ಹೇಳಿ ಕೆಲಸ ಶುರುಮಾಡಿ ಎಂದೆ. ಕೆಲಸ ಹೋದರೆ ಎಲ್ಲೆಲ್ಲಿ ಕೇಳಬಹುದೆಂದು ಯೋಚಿಸಿ ಬರೆದಿಟ್ಟುಕೊಂಡ ಮೇಲೆಯೇ ಈ ಮಾತು ಆಡಲು ಹೇಳಿದ್ದು.

ನನ್ನ ಜೊತೆಯ ಆಪ್ತಸಲಹೆಗಾರರೊಬ್ಬರು ಇದನ್ನು ಒಪ್ಪಲಿಲ್ಲ. ಹೀಗೆ ಮಾಡಿ ಎಂದು ನಾವು ಹೇಳಬಾರದು, ತೀರ್ಮಾನ ಬಂದವರದೇ ಆಗಬೇಕು ಎಂಬುದು ಅವರ ವಾದ. ಮದುವೆ, ಓದು, ಮನೆಯ ಜಗಳದ ವಿಷಯದಲ್ಲಿ ನಾನೂ ಹಾಗೇ ನಡೆದುಕೊಳ್ಳುತ್ತೇನೆ. ಇಲ್ಲಿ ಬಾಯಿ ತೆರೆದು ಕೂತ ಇನ್ನೊಬ್ಬರಿದ್ದರು. ಅವರಿಗೆ ಬಿಪಿ ಇರಬಹುದು, ಹೃದಯದ ತೊಂದರೆ ಇರಬಹುದು, ಆ ಔಷಧಿಯಲ್ಲಿ ಸಾಮಾನ್ಯವಾಗಿ ಎದೆಬಡಿತ, ಬಿಪಿ ಏರಿಸಬಲ್ಲ ಅಡ್ರಿನಲಿನ್ ಸೇರಿರುತ್ತದೆ. ಸುಮಾ ತಾವಾಗಿ ತೀರ್ಮಾನಕ್ಕೆ ಬರಲೆಂದು ಕಾಯುತ್ತಾ ಕೂತರೆ ಆ ಕಾಯುವಿಕೆಯ ಬೆಲೆ ತೆರುವವರು ಪೇಶೆಂಟುಗಳು.

ಡಾಕ್ಟರು ಕೆಲವು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಆಮೇಲೆ ದಂತವೈದ್ಯ ಪದವಿ ಬಿಡಿಎಸ್ ಮುಗಿಸಿದ ಹುಡುಗನೊಬ್ಬನನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಂಡರು. ಸುಮಾಗೆ ಆ ವರ್ಷ ಸಂಬಳ ಏರಲಿಲ್ಲ. ‘ನನ್ನ ಮಗಳ ಮರ್ಯಾದೆ ಕಳೆದ್ರಿ’ ಎಂದು ಅವರ ತಾಯಿ ನನಗೆ ಫೋನು ಮಾಡಿ ಬೈದರು. ನಿದ್ದೆ ಮಾತ್ರ ನಿಧಾನವಾಗಿ ಮರಳಿತು.

ಹಲ್ಲು ತೋರಿಸಲು ಹೋಗುವವರಿಗೆ ಒಂದು ಕೋರಿಕೆ. ಸೂಜಿ ಹಿಡಿದು ಬಂದವರನ್ನು ‘ನೀವು ಡಾಕ್ಟ್ರಾ?’ ಎಂದು ಮೆಲ್ಲಗೆ ಕೇಳಿ. ಅಲ್ಲ ಎಂದರೆ ಗದರಬೇಡಿ, ‘ಪರವಾಗಿಲ್ಲಮ್ಮ, ಡಾಕ್ಟ್ರು ಬರೋವರೆಗೆ ಕಾಯ್ತೀನಿ’ ಎನ್ನಿ. ಫೋನಿನ ಆ ಕಡೆ ಇರುವವರಿಗೆ ಹೇಳಲು ಆ ಹುಡುಗಿಗೂ ಒಂದು ಕಾರಣ ಸಿಗುತ್ತದೆ.